ಮನೆಯ ಯಜಮಾನರು ತಡೆದಿದ್ದಾರೆ

ಅಧಿಕಾರವನ್ನು ನಾನು ಜೀವಮಾನವಿಡೀ ದೂರದಿಂದಲೇ ಕಂಡವನು. ತಾಲ್ಲೂಕು ಕಚೇರಿಯ ಟಪಾಲು ಮೇಜಿನ ಹಿಂದೆ ಕೂತು, ಬಂದ ಕಾಗದಕ್ಕೆ ಮುದ್ರೆ ಒತ್ತಿ, ಅಧಿಕಾರವಿದ್ದವರ ಕಡೆಗೆ ಸಾಗಿಸುವುದರಲ್ಲೇ ನನ್ನ ನೌಕರಿ ಮುಗಿಯಿತು. ಮನೆಯಲ್ಲಿ ಹೆಂಡತಿ ಗಂಗಮ್ಮನ ಆಡಳಿತ. ಅದರ ಬಗ್ಗೆ ದೂರಿಲ್ಲ. ದೂರು ಕೊಡಬೇಕೆಂದರೂ ಅವಳಿಗೇ ಕೊಡಬೇಕು. ಇಂಥ ನಾನು ನಿವೃತ್ತಿಯಾದ ಮೇಲೆ ಒಂದು ವಾರದ ಮಟ್ಟಿಗೆ ಸಾಕ್ಷಾತ್ ಸರ್ಕಾರವಾಗಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ನೆನೆಸಿಕೊಂಡರೆ ನನಗೇ ಈಗಲೂ ಮೈ ಜುಮ್ಮೆನ್ನುತ್ತದೆ.

ಕೊಟ್ಟೂರಿನ ನಮ್ಮ ಓಣಿಯಲ್ಲಿ ಹೆಪ್ಪು ಕೇಳಿದವರಿಗೆ ಇಲ್ಲ ಎನ್ನುವ ಪದ್ಧತಿಯಿಲ್ಲ. ಬೆಕ್ಕು ಗಡಿಗೆಗೆ ಬಾಯಿ ಹಾಕಿತೋ, ನೆಂಟರು ಬಂದು ಮೊಸರು ತಳ ಕಂಡಿತೋ, ಗೋಡೆಯ ಮೇಲಿಂದ ಬಟ್ಟಲು ಚಾಚಿದರೆ ಆಚೆಯಿಂದ ಒಂದು ಚಮಚ ಮೊಸರು ಬಂದೇ ಬರುತ್ತದೆ. ನಮ್ಮ ಮನೆಗೆ ವೈಫೈ ಬಂದಾಗ ಗಂಗಮ್ಮ ಅದರ ಪಾಸ್‌ವರ್ಡನ್ನೂ ಇದೇ ಗೋಡೆಯ ಮೇಲಿಂದ ಪಕ್ಕದ ಮನೆಯ ನೀಲಮ್ಮನಿಗೆ ದಾಟಿಸಿದಳು. ನನ್ನನ್ನು ಕೇಳಲಿಲ್ಲ. "ಕೊಟ್ರ ಕಡಿಮಿ ಆಗೂದಲ್ಲ, ಹೆಪ್ಪಿದ್ದಂಗ" ಎಂದಳು. ಹೀಗೆ ನೀಲಮ್ಮ, ಅವಳ ಗಂಡ ಕೊಟ್ರೇಶಿ, ಮಗಳು ಸವಿತಾ ನನ್ನ ವೈಫೈಯ ಪ್ರಜೆಗಳಾದರು. ಸವಿತಾ ನರ್ಸಿಂಗ್ ಮುಗಿಸಿ, ಸರ್ಕಾರಿ ಆಸ್ಪತ್ರೆಯ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ಹಿಂದೆ ಒಮ್ಮೆ ಸ್ವಲ್ಪದರಲ್ಲಿ ತಪ್ಪಿತ್ತು. ಈ ಸಲದ ಪರೀಕ್ಷೆ ಹತ್ತಿರ ಬಂದಿತ್ತು. ಪಾಠಗಳೆಲ್ಲ ಫೋನಿನಲ್ಲೇ.

ಕೊಟ್ರೇಶಿ ನಿವೃತ್ತ ಬಸ್ ಕಂಡಕ್ಟರು. ದಿನಾ ಸಂಜೆ ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ನಾವಿಬ್ಬರೂ ದೇಶವನ್ನು ಸರಿಪಡಿಸುತ್ತೇವೆ. ಒಂದು ದಿನ, ಇಂಟರ್ನೆಟ್ಟಿನಲ್ಲಿ ಬರುವುದನ್ನೆಲ್ಲ ಸರ್ಕಾರ ಜರಡಿ ಹಿಡಿಯಬೇಕೋ ಬೇಡವೋ ಎಂಬ ಚರ್ಚೆ ಬಂತು. ಹಿಡಿಯಲೇಬೇಕು ಎಂದೆ. ಸುಳ್ಳು ಸುದ್ದಿ, ಜೂಜು, ಹೇಳಬಾರದ ಚಿತ್ರ, ಎಲ್ಲವೂ ಮನೆಯೊಳಗೇ ಬರುತ್ತಿರುವಾಗ ಬಾಗಿಲಲ್ಲಿ ಒಬ್ಬರು ಬೇಡವೇ?

"ಶಿವಣ್ಣ, ಜನ್ಮೆಲ್ಲಾ ಟಿಕೆಟ್ ಹರದೀನಿ" ಎಂದ ಕೊಟ್ರೇಶಿ. "ಎಲ್ಲಿಗೆ ಅಂತ ಕೇಳೀನಿ. ಯಾಕ ಅಂತ ಒಬ್ಬರ್ನೂ ಕೇಳಿಲ್ಲ."

"ಬಸ್ಸಿನೊಳಗೆ ಉಗುಳಬಾರದು ಅಂತ ಬೋರ್ಡ್ ಹಾಕಿದ್ದಿರಲ್ಲ?"

"ಹಾಕಿದ್ವಿ, ಎಲ್ಲಾರೂ ಓದೂ ಹಂಗ. ಯಾರ ಕಣ್ಣಿಗೂ ಬಟ್ಟಿ ಕಟ್ಟಿದ್ದಿಲ್ಲ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನನ್ನ ಕೈಲಿದ್ದ ಮಿರ್ಚಿ ಆರಿತು. ಹೇಳಿ ಪ್ರಯೋಜನವಿಲ್ಲ, ಮಾಡಿ ತೋರಿಸಬೇಕು ಎಂದು ನೇರವಾಗಿ ವೈಫೈ ಅಂಗಡಿಯವನ ಹತ್ತಿರ ಹೋದೆ. ಅವನು ನನ್ನ ಫೋನಿನಲ್ಲೇ ಒಂದು ಜಾಗ ತೆರೆದು ತೋರಿಸಿದ. ಜಗತ್ತಿನಲ್ಲಿ ನಿಷೇಧಿಸಲು ಯೋಗ್ಯವಾದುದೆಲ್ಲ ಅಲ್ಲಿ ಸಾಲಾಗಿ ನಿಂತಿತ್ತು: ಜೂಜು, ಮದ್ಯ, ವಿಷ, ರಕ್ತಪಾತ, ನಗ್ನತೆ, ಇನ್ನೂ ಏನೇನೋ. ಒಂದೊಂದರ ಮುಂದೂ ಒಂದು ಗುಂಡಿ. "ಯಾವ್ ಬಂದ್ ಮಾಡಬೇಕ್ರಿ ಸರ?" ಎಂದ. ಆಯ್ಕೆ ಮಾಡುತ್ತ ಕೂರುವುದು ಗುಮಾಸ್ತರ ಕೆಲಸ. ನಾನು ಎಲ್ಲವನ್ನೂ ಒತ್ತಿದೆ.

ಆ ಕ್ಷಣವನ್ನು ಹೇಗೆ ವರ್ಣಿಸಲಿ! ಒಂದು ಬೆರಳು. ಸದ್ದಿಲ್ಲ, ಲಾಠಿಯಿಲ್ಲ, ಸುತ್ತೋಲೆಯಿಲ್ಲ. ಸಮುದ್ರದಾಚೆಗೆಲ್ಲೋ ಹುಟ್ಟಿದ ಪಾಪ ಸಾವಿರಾರು ಮೈಲಿ ಓಡಿ ಬಂದು ನಮ್ಮ ಪಡಸಾಲೆಯ ಹೊಸ್ತಿಲಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿತ್ತು. ಪರೀಕ್ಷಿಸಲೆಂದು ಮನೆಗೆ ಬಂದು ಒಂದು ರಮ್ಮಿ ಆಟದ ಪುಟ ಒತ್ತಿದೆ. ಬಿಳಿಯ ಪರದೆಯ ಮೇಲೆ ಕನ್ನಡದಲ್ಲಿ ಮೂಡಿತು: 'ಈ ಪುಟವನ್ನು ಮನೆಯ ಯಜಮಾನರು ತಡೆದಿದ್ದಾರೆ.' ನಾನು ಎದ್ದು ನಿಂತೆ. ಯಜಮಾನರು! ಬಹುವಚನ ಬೇರೆ. ಈ ಮಾತನ್ನು ನನ್ನ ಬಗ್ಗೆ ಯಾರೂ ಬಾಯಲ್ಲಿ ಅಂದಿರಲಿಲ್ಲ, ಈಗ ಲಿಖಿತದಲ್ಲಿ ಬಂದಿದೆ. ಅಂದಿನಿಂದ ನನ್ನ ದಿನಚರಿಯೇ ಬದಲಾಯಿತು. ಬೆಳಿಗ್ಗೆ ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡು, ಹೆಸರು ಹೇಳಲಾಗದ ಪುಟಗಳನ್ನು ಒಂದಾದ ಮೇಲೊಂದು ಹುಡುಕುತ್ತಿದ್ದೆ. ನೋಡಲಿಕ್ಕಲ್ಲ. ತಡೆದಿದ್ದೇನೆ ಎಂಬುದನ್ನು ಓದಲಿಕ್ಕೆ. ಅಷ್ಟು ಕೆಟ್ಟ ಪುಟಗಳ ವಿಳಾಸ ಕೊಟ್ಟೂರಿನಲ್ಲಿ ಇನ್ನಾರಿಗೂ ಗೊತ್ತಿರಲಿಕ್ಕಿಲ್ಲ.

ರಾಜ್ಯ ಶಾಂತವಾಗಿತ್ತು. ಪ್ರಜೆಗಳಿಂದ ಒಂದು ಅಹವಾಲೂ ಇಲ್ಲ. ಕೊಟ್ರೇಶಿ ಮಾತ್ರ ಮಂಡಕ್ಕಿ ಅಂಗಡಿಗೆ ಬರುವುದನ್ನು ಬಿಟ್ಟಿದ್ದ. ಸೋಲು ಒಪ್ಪಿಕೊಂಡಿದ್ದಾನೆ ಎಂದುಕೊಂಡೆ.

ಒಂದು ಮಧ್ಯಾಹ್ನ ಗಂಗಮ್ಮ ಊಟಕ್ಕೆ ಬಡಿಸುತ್ತ, "ನೀಲಮ್ಮ ಹೆಪ್ಪು ಕೇಳೂದು ಬಿಟ್ಟಾಳ" ಎಂದಳು. ಹಾಲು ಕೊಳ್ಳುವುದನ್ನು ನಿಲ್ಲಿಸಿರಬಹುದು ಎಂದೆ.

"ಮೂಲಿಮನಿ ಕಡಿಂದ ಇಸ್ಕೊಂತಾಳಂತ. ಸವಿತಾ ದಿನಾ ಬಸ್ ಹತ್ತಿ ಉಜ್ಜಿನಿಗೆ ಅವ್ರ ಅತ್ತಿ ಮನಿಗೆ ಹೋಗಿ ಓದ್ತಾಳ. ನಮ್ಮ ವೈಫೈದಾಗ ಆಕಿ ಪಾಠ ಒಂದೂ ತೆರಿಯಂಗಿಲ್ಲ. ಫೋನಿನ ಡೇಟಾ ಎರಡು ಪಾಠಕ್ಕ ಮುಗೀತೈತಿ."

"ನರ್ಸಿಂಗ್ ಪಾಠ ಯಾಕೆ ತೆರೆಯೋದಿಲ್ಲ?"

"ಏನ್ ಪಾಠ ಅಂತ ತಿಳ್ದೀರಿ? ಹೆರಿಗಿ, ಮೊಲಿ ಹಾಲು, ರಕ್ತ, ವಿಷ ಕುಡದವ್ರ ಉಪಚಾರ. ಯಾವುದು ಒತ್ತಿದ್ರೂ ಯಜಮಾನ್ರು ತಡದಾರ ಅಂತ ಬರ್ತೈತಂತ. ಕಾಕಾ ಕುಂತು ಒಂದೊಂದೂ ನೋಡಿ ತಡೀತಾರ, ನಾನು ಏನ್ ನೋಡ್ತೀನಿ ಅಂತ ಏನ್ ತಿಳ್ಕೊಂಡಾರೋ ಅಂತ ಆ ಹುಡುಗಿಗೆ ನಾಚಿಕಿ. ನಿಮ್ಮ ಮುಂದ ಬರಾಕ ಆಗ್ದ ಹಿತ್ತಲ ಬಾಗ್ಲಾಗಿಂದ ಬಸ್ಟ್ಯಾಂಡಿಗೆ ಹೋಗ್ತಾಳ. ಕೊಟ್ರೇಶಣ್ಣ ಬ್ಯಾರೆ, ಬೆಂಚಿನ ಸಿಟ್ಟು ಶಿವಣ್ಣ ಮಗಳ ಮ್ಯಾಲ ತೀರಿಸ್ಕೊಂಡ ಅಂತಾರ."

ಮುರಿದ ರೊಟ್ಟಿಯನ್ನು ತಟ್ಟೆಗೇ ಹಾಕಿದೆ. ಗಂಗಮ್ಮ ನೀರಿನ ಲೋಟ ಮುಂದಿಟ್ಟು ಮೆಲ್ಲಗೆ ಸೇರಿಸಿದಳು: "ನೀವೂ ಹಂಗ ಹುಟ್ಟೀರಿ. ಯಾರೂ ತಡೀಲಿಲ್ಲ."

ಕೈ ತೊಳೆದವನೇ ಎಲ್ಲ ಗುಂಡಿಗಳನ್ನೂ ತೆರೆದೆ. ಆದರೆ ತೆರೆದಿದ್ದೇನೆ ಎಂದು ಹೇಳುವುದು ಹೇಗೆ? ಸರ್ಕಾರಗಳು ಕ್ಷಮೆ ಕೇಳಿದ್ದನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ, ಅದಕ್ಕೊಂದು ನಮೂನೆಯೂ ಇರಲಿಲ್ಲ. ಬಹಳ ಯೋಚಿಸಿ, ಸವಿತಾ ಉಜ್ಜಿನಿಯಿಂದ ಬಂದ ಸದ್ದು ಕೇಳಿದ ಮೇಲೆ, ಬಟ್ಟಲು ಹಿಡಿದು ಗೋಡೆಯ ಬಳಿ ನಿಂತೆ. ಗಂಡಸು ಹೆಪ್ಪು ಕೇಳಿದ್ದು ನಮ್ಮ ಓಣಿಯಲ್ಲಿ ಅದೇ ಮೊದಲು.

"ನೀಲಮ್ಮ, ಒಂದೀಟು ಹೆಪ್ಪು ಬೇಕಾಗಿತ್ತು."

ಆಚೆಯಿಂದ ಕೊಟ್ರೇಶಿಯ ಮುಖ ಮೂಡಿತು. "ಓಹೋ, ಸರ್ಕಾರ! ದೀಪ ಹಚ್ಚಿದ್ದು ಕಾಣ್ಸಲಿಲ್ಲೇನು? ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಡಂಗಿಲ್ಲ. ನಿನ್ನ ಪುಟ ತೆರಿಯಂಗಿಲ್ಲ, ಯಜಮಾನ್ರು ತಡದಾರ."

ಈ ನಿಯಮ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಖಾಲಿ ಬಟ್ಟಲು ಹಿಡಿದು ನಿಂತೇ ಇದ್ದೆ. ಅವನ ಹಿಂದಿನಿಂದ ಸವಿತಾ ಬಂದಳು. ತಲೆ ತಗ್ಗಿಸಿಯೇ ಕೇಳಿದಳು: "ಕಾಕಾ, ನಾನು ನೋಡಿದ್ದೆಲ್ಲಾ ನಿಮಗ ಕಾಣ್ತಿತ್ತೇನ್ರಿ?"

"ಇಲ್ಲವ್ವಾ, ದೇವರಾಣೆ. ನನಗೆ ಏನೂ ಕಾಣ್ತಿರಲಿಲ್ಲ."

ಅವಳು ಈಗ ತಲೆಯೆತ್ತಿದಳು. ಮುಖದಲ್ಲಿ ನಿರಾಳ ಬಂತು, ಅದರ ಹಿಂದೆಯೇ ಆಶ್ಚರ್ಯ. "ಏನೂ ನೋಡ್ಲಾರದನ ತಡದ್ರೇನ್ರಿ?"

ಬಟ್ಟಲನ್ನು ಗೋಡೆಯ ಮೇಲಿಟ್ಟೆ. "ಎಲ್ಲಾ ತೆರೆದೀನವ್ವ, ಮನೆಯಲ್ಲೇ ಓದು" ಎಂದಷ್ಟೇ ಹೇಳಿದೆ. ಮರುದಿನ ಬೆಳಿಗ್ಗೆ, ದೀಪದ ತಕರಾರು ಇಲ್ಲದ ಹೊತ್ತಿನಲ್ಲಿ, ನೀಲಮ್ಮ ತಾನಾಗಿಯೇ ಗೋಡೆಯ ಮೇಲೆ ಒಂದು ಬಟ್ಟಲು ತುಂಬ ಮೊಸರಿಟ್ಟಿದ್ದಳು. ಸವಿತಾ ಪರೀಕ್ಷೆ ಬರೆದು ಬಂದಿದ್ದಾಳೆ. ಹೆರಿಗೆಯ ಮೇಲೇ ಹೆಚ್ಚು ಪ್ರಶ್ನೆ ಬಂದಿದ್ದುವಂತೆ. ಫಲಿತಾಂಶಕ್ಕಾಗಿ ಅವಳ ತಾಯಿಗಿಂತ ದೊಡ್ಡ ಹರಕೆ ನಾನು ಹೊತ್ತಿದ್ದೇನೆ.

ಆದರೆ ನಿಮ್ಮ ಮುಂದೆ ಮುಚ್ಚುಮರೆ ಯಾಕೆ? ಎಲ್ಲ ತೆರೆದೆ ಎಂದೆನಲ್ಲ, ಒಂದನ್ನು ತೆರೆದಿರಲಿಲ್ಲ. ಜೂಜಿನ ಗುಂಡಿ, ಅಂದರೆ ನನ್ನ ರಮ್ಮಿ ಪುಟ. ಎರಡು ಮನೆಯಲ್ಲೂ ಯಾರೂ ಆಡುವವರಿಲ್ಲ, ಯಾರಿಗೂ ತೊಂದರೆಯಿಲ್ಲ. ಮನಸ್ಸು ಕುಗ್ಗಿದಾಗ ಒತ್ತಿ, ಯಜಮಾನರು ಎಂಬ ಅಕ್ಷರಗಳನ್ನು ಒಮ್ಮೆ ಕಣ್ತುಂಬ ಓದಿ ಮುಚ್ಚುತ್ತಿದ್ದೆ. ಮೊನ್ನೆಯೂ ಒತ್ತಿದೆ. ಇಸ್ಪೀಟಿನ ರಾಣಿ ಕುಣಿಯುತ್ತ ಬಂದು, ಬನ್ನಿ ಆಡೋಣ ಎಂದಳು, ಪಡಸಾಲೆಯೆಲ್ಲ ಕೇಳುವಂತೆ. ಗಾಬರಿಯಿಂದ ಫೋನನ್ನು ಟವೆಲಿನೊಳಗೆ ಸುತ್ತಿದೆ.

ಗಂಗಮ್ಮ ಜೋಳ ಕೇರುತ್ತಿದ್ದವಳು ಮೊರದಿಂದ ಕಣ್ಣೆತ್ತಲಿಲ್ಲ. "ಸವಿತಾ ತೋರಿಸಿಕೊಟ್ಳು, ನಿಮ್ಮ ಫೋನಿನಾಗ ಆ ಗುಂಡಿ ಹೆಂಗ ಒತ್ತೂದು ಅಂತ" ಎಂದಳು. "ಎಲ್ಲಾ ತೆರದೀನಿ ಅಂದಿದ್ರಿ. ಒಂದು ಉಳದಿತ್ತು."