ಬಿಡಿ ಅನ್ನೋ ತನಕ ಬಿಡಬೇಡಿ

ಮೊಬೈಲ್ ರಿಪೇರಿ ಅಂಗಡಿಗೆ ಬರೋರಲ್ಲಿ ಅರ್ಧ ಜನರ ಫೋನಿಗೆ ಏನೂ ಆಗಿರೋದಿಲ್ಲ. ಪರದೆ ಅಲ್ಲಾಡದೆ ನಿಂತಿರ್ತದೆ, ಅಷ್ಟೇ. ಆದ್ರೆ ಅವರ ಮುಖ ನೋಡಿದ್ರೆ ಮನೆಯಲ್ಲಿ ಯಾರನ್ನೋ ಐಸಿಯುಗೆ ಸೇರಿಸಿ ಬಂದ ಹಾಗಿರ್ತದೆ. ನಾನು ಸಾಗರದಲ್ಲಿ ಕೆಲಸ ಕಲಿತು, ಹೊಸನಗರದಲ್ಲಿ ಕೈ ಪಳಗಿಸಿ, ಈಗ ತೀರ್ಥಹಳ್ಳಿಯಲ್ಲಿ ಸ್ವಂತ ಅಂಗಡಿ ಹಾಕಿರೋಳು. ಮೂರೂರಲ್ಲೂ ಕೇಳಿದ ಮೊದಲ ಪ್ರಶ್ನೆ ಒಂದೇ: "ರಿಪೇರಿ ಮಾಡೋರು ಎಲ್ಲಿ ಹೋಗಿದಾರಮ್ಮಾ?" "ಇಲ್ಲೇ ಕೂತಿದೀನಿ, ಕೊಡಿ" ಅಂದ್ರೆ ಫೋನನ್ನ ಇನ್ನಷ್ಟು ಎದೆಗೆ ಒತ್ತಿ ಹಿಡ್ಕೊಳ್ತಾರೆ!

ಹ್ಯಾಂಗಾತು

ಸಾಗರದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ. ಹಳ್ಳಿ ಕಡೆಯ ಹವ್ಯಕರ ಹಿರಿಯರೊಬ್ಬರು ಬಂದು ಫೋನನ್ನ ಟೇಬಲ್ ಮೇಲಿಟ್ಟು, "ಹ್ಯಾಂಗಾತು" ಅಂದ್ರು.

ಅವರ ಭಾಷೇಲಿ 'ಹ್ಯಾಂಗಾತು' ಅಂದ್ರೆ 'ಹೇಗಾಯ್ತು' ಅಂತ ನಾನು ಆಗಷ್ಟೇ ಕಲಿತಿದ್ದೆ. ಇಂಗ್ಲಿಷಿನ ಹ್ಯಾಂಗು ನನಗೆ ಹೊಳೀಲೇ ಇಲ್ಲ. ಹೇಗಾಯ್ತು ಅಂತ ನನ್ನನ್ನೇ ಕೇಳಿದ್ರೆ ನನಗೇನು ಗೊತ್ತು? ನಾನೂ ಅವರ ಭಾಷೇಲೇ, "ಹ್ಯಾಂಗಾತು?" ಅಂದೆ.

"ಹೌದು, ಹ್ಯಾಂಗಾತು."

"ಅದೇ, ಹ್ಯಾಂಗಾತು?"

"ಅದನ್ನೇ ಹೇಳ್ತಾ ಇದ್ದಿ ಮಾರಾಯ್ತಿ, ಹ್ಯಾಂಗಾತು!"

ಅವರ ದನಿ ಏರಿತು, ನಂದೂ ಏರಿತು. ಒಳಗಿದ್ದ ಅಂಗಡಿ ಯಜಮಾನರು ಜಗಳ ಅಂದ್ಕೊಂಡು ಓಡಿ ಬಂದ್ರು. ಹಿರಿಯರು ಅವರ ಕಡೆ ತಿರುಗಿ, "ಫೋನು ರಿಪೇರಿ ನಿಧಾನ ಆದ್ರೂ ಅಡ್ಡಿಲ್ಲೆ. ಮೊದ್ಲು ಈ ಕೂಸಿನ ಕಿವಿ ರಿಪೇರಿ ಮಾಡ್ಸಿ" ಅಂದ್ರು.

ಮೂಗಿನ ಕೆಲಸ

ಹೊಸನಗರದಲ್ಲಿ ಒಬ್ಬಳು ಅಡಿಕೆ ಸುಲಿಯೋಕೆ ಹೋಗ್ತಿದ್ದ ಹೆಂಗಸು. ಮಧ್ಯಾಹ್ನ ಏದುಸಿರು ಬಿಡ್ತಾ ಬಂದಳು. "ಅಕ್ಕಾ, ಸತ್ತೇ ಹೋಗಿದೆ. ಎಷ್ಟು ತಿಕ್ಕಿದ್ರೂ ಅಲ್ಲಾಡ್ತಿಲ್ಲ."

ನಾನು ಮುಟ್ಟಿದೆ, ಸರಸರ ಓಡ್ತು. ಅವಳು ಮುಟ್ಟಿದಳು, ಮತ್ತೆ ಕಲ್ಲು. ಹೀಗೆ ಮೂರು ಸಲ ಆದ ಮೇಲೆ ನನಗೇ ಹೆದರಿಕೆ ಶುರುವಾಯ್ತು. ಆಮೇಲೆ ಅವಳ ಕೈ ನೋಡಿದೆ. ಕತ್ತಿ ತಾಗಬಾರದು ಅಂತ ಬೆರಳುಗಳಿಗೆಲ್ಲ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದಾಳೆ!

"ಅದನ್ನ ಬಿಚ್ಚಿ ಮುಟ್ಟೇ ಮಾರಾಯ್ತಿ."

ಬಿಚ್ಚಿ ಮುಟ್ಟಿದಳು, ಫೋನಿಗೆ ಜೀವ ಬಂತು, ಅವಳಿಗೂ ಬಂತು. ಆದ್ರೆ ಮುಂದಿನ ವಾರ ಬಸ್‌ಸ್ಟ್ಯಾಂಡ್ ಹತ್ತಿರ ನೋಡ್ತೀನಿ, ಕೈಯಲ್ಲಿ ಟ್ಯೂಬು ಹಾಗೇ ಇದೆ. ಫೋನು ರಿಂಗ್ ಆಯ್ತು. ಇವಳು ಬಗ್ಗಿ ಪರದೆಗೆ ಮೂಗು ತಿಕ್ಕಿ "ಹಲೋ" ಅಂದಳು. ನನ್ನನ್ನ ನೋಡಿ, "ಹತ್ತು ಬೆರಳಿಗೂ ಕೆಲಸ ಅಕ್ಕಾ, ಮೂಗಿಗೊಂದು ಬಿಡುವಿತ್ತು" ಅಂತ ನಕ್ಕಳು.

ಫ್ರೀಜ್ ಆಗಿದ್ದು

ಇದು ಚಿಕ್ಕದು. ತೀರ್ಥಹಳ್ಳಿಯ ಅಂಗಡಿಗೆ ಬಂದ ಅಮ್ಮನವರೊಬ್ಬರ ಫೋನು ಕೆಂಡದ ಹಾಗೆ ಸುಡ್ತಿತ್ತು. ಏನು ಮಾಡಿದ್ರಿ ಅಂದ್ರೆ, "ಮೊಮ್ಮಗಳು ಫ್ರೀಜ್ ಆಗಿದೆ ಅಂದ್ಲು. ಹಲಸಿನ ಹಪ್ಪಳದ ಜೊತೆ ಬಿಸಿಲಿಗೆ ಹಾಕಿದ್ದೆ. ಒಂದು ಮಗ್ಗುಲು ಆಗಿತ್ತು, ತಿರುವಿ ಹಾಕೋದ್ರೊಳಗೆ ಮೋಡ ಬಂತು."

ಕೋಣಂದೂರಿನ ಗೌಡ್ರು

ಈಗ ಹೇಳೋದನ್ನ ನೆನೆಸಿಕೊಂಡ್ರೆ ಇವತ್ತಿಗೂ ನನ್ನ ಎದೆ ಒಂದ್ಸಲ ಢವ್ ಅಂತದೆ.

ಮಧ್ಯಾಹ್ನ ಎರಡು ಗಂಟೆಗೆ ಕೋಣಂದೂರು ಕಡೆಯ ಗೌಡ್ರೊಬ್ಬರು ಪಕ್ಕದ ಮನೆಯವರ ಫೋನಿಂದ ಕರೆ ಮಾಡಿದ್ರು. ಮಗಳಿಗೆ ನರ್ಸಿಂಗ್ ಸೀಟು ಬಂದಿದೆ, ಸಂಜೆ ಐದರೊಳಗೆ ಒಪ್ಪಿಗೆ ಕೊಡದಿದ್ರೆ ಕೈತಪ್ಪಿ ಹೋಗ್ತದೆ. ಒಟಿಪಿ ಬರೋದು ಗೌಡ್ರ ಫೋನಿಗೆ, ಅದು ನೋಡಿದ್ರೆ ಬೆಳಗ್ಗಿಂದ ಮಿಸುಕಾಡ್ತಿಲ್ಲ. "ಅಕ್ಕಾವ್ರೇ, ಎಂತಾದ್ರೂ ಮಾಡಿ" ಅಂದ್ರು.

"ಹೆದರಬೇಡಿ. ಪಕ್ಕದಲ್ಲಿರೋ ಆನ್ ಮಾಡೋ ಗುಂಡಿ, ವಾಲ್ಯೂಮ್ ಕಮ್ಮಿ ಮಾಡೋ ಗುಂಡಿ, ಎರಡೂ ಒಟ್ಟಿಗೆ ಒತ್ತಿ ಹಿಡ್ಕೊಳ್ಳಿ. ನಾನು ಬಿಡಿ ಅನ್ನೋ ತನಕ ಬಿಡಬೇಡಿ."

"ಹಿಡಿದೆ" ಅಂದ್ರು. ಅಷ್ಟರಲ್ಲಿ ಲೈನ್ ಕಟ್! ನಮ್ಮ ಕಡೆ ಕರೆಂಟ್ ಹೋದ್ರೆ ಟವರೂ ಅದರ ಹಿಂದೇನೇ ಹೋಗ್ತದೆ. ಎಷ್ಟು ಸಲ ತಿರುಗಿ ಮಾಡಿದ್ರೂ ಸಿಗಲಿಲ್ಲ. ಸರಿಯಾಗಿರ್ಬೇಕು ಅಂತ ಸುಮ್ಮನಾದೆ.

ನಾಲ್ಕೂವರೆಗೆ ಅಂಗಡಿ ಮುಂದೆ ಆಟೋ ನಿಂತಿತು. ಮೊದಲು ಮಗಳು ಇಳಿದಳು. ಹಿಂದೆ ಗೌಡ್ರು, ಎರಡೂ ಕೈಯಲ್ಲಿ ಫೋನನ್ನ ಅವುಚಿ ಹಿಡಿದು, ತುಂಬಿದ ಹಾಲಿನ ಪಾತ್ರೆ ತರೋ ಹಾಗೆ ಬಂದ್ರು. ಬೆರಳು ಗುಂಡಿಗಳ ಮೇಲೇ ಇವೆ. ಪರದೆ ಬೆಳಗ್ತದೆ, ಕಪ್ಪಾಗ್ತದೆ, ಮತ್ತೆ ಬೆಳಗ್ತದೆ.

"ಗೌಡ್ರೇ, ಆಗಿಂದ ಹಿಡ್ಕೊಂಡೇ ಇದೀರಾ?"

"ನೀವು ಬಿಡಿ ಅನ್ಲಿಲ್ಲವಲ್ಲ!"

ಮಗಳು ಹಣೆ ಚಚ್ಚಿಕೊಂಡಳು. "ಸಿಮ್ ತೆಗೆದು ಬೇರೆ ಫೋನಿಗೆ ಹಾಕ್ತೀನಿ ಅಂದೆ ಅಕ್ಕಾ. ಅಪ್ಪ ಮುಟ್ಟೋಕೇ ಬಿಡ್ಲಿಲ್ಲ. ಬಸ್ಸಲ್ಲಿ ಇವರ ಮೂಗು ತುರಿಸಿದ್ದೂ ನಾನೇ."

"ಬಿಡಿ ಗೌಡ್ರೇ, ಬಿಡಿ!" ಅಂತ ಕಿರುಚಿದೆ.

ಬಿಟ್ಟರು. ಫೋನು ತಾನಾಗಿ ಎದ್ದು ಕೂತಿತು. ಒಟಿಪಿ ಬಂತು. ಮಗಳು ಅದೇ ಫೋನಲ್ಲಿ ಒತ್ತಿದಳು. ಐದಕ್ಕೆ ಹತ್ತು ನಿಮಿಷ ಇರೋವಾಗ ಸೀಟು ಅವಳದಾಯ್ತು. ಗೌಡ್ರು ಸ್ಟೂಲ್ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಂಡ್ರು. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳು ಯಾಕೆ ಹೇಳಲಿ?

ಅಷ್ಟೊತ್ತಿಗೆ ಅವರ ಊರಿಗೂ ಟವರ್ ತಿರುಗಿ ಬಂದಿತ್ತು; ಸುಧಾರಿಸಿಕೊಂಡು ಸ್ಪೀಕರ್ ಹಾಕಿ, ಪಕ್ಕದ ಮನೆಯವರ ಫೋನಿಗೆ ಮಾಡಿ ಹೆಂಡತಿಯನ್ನ ಕರೆಸಿದ್ರು. "ಸೀಟಾಯ್ತು ಕಣೇ!"

"ಅಬ್ಬಾ, ದೇವರು ದೊಡ್ಡೋನು. ಫೋನಿಗೆ ಎಂತ ಮಾಡಿದ್ರು?"

"ಎಂತ ಇಲ್ಲ. ಅಕ್ಕಾವ್ರು 'ಬಿಡಿ' ಅಂದ್ರು, ಬಿಟ್ಟೆ, ಸರಿಯಾಯ್ತು."

"ಅಲ್ಲಾ, ಮನೆಯಿಂದ ಬಸ್‌ಸ್ಟಾಪಿನ ತನಕ ಹಿಂದೆ ಹಿಂದೆ ಬಂದು 'ಬಿಡಿ, ಅದನ್ನ ಬಿಡಿ' ಅಂತ ನಾನು ಬಡ್ಕೊಂಡಿದ್ದೆಂತದು?"

ಗೌಡ್ರು ಒಂಚೂರೂ ಅಳುಕದೆ ಹೇಳಿದ್ರು: "ನೀನೆಂತ ಮೆಕ್ಯಾನಿಕ್ಕಾ?"