ಎಣ್ಣೆ ಇಲ್ಲದ ಎಡೆ

ನಮ್ಮತ್ತೆ ಅಂಜನಮ್ಮನವರು ತೀರಿಕೊಂಡು ಒಂದು ವರ್ಷವಾಯಿತು. ಈ ಒಂದು ವರ್ಷದಲ್ಲಿ ಅವರನ್ನು ಹೊಗಳಿ ಕಣ್ಣೊರೆಸಿಕೊಳ್ಳದೆ ಇದ್ದವಳು ಇಡೀ ಹೇರೋಹಳ್ಳಿಯಲ್ಲಿ ನಾನೊಬ್ಬಳೇ. ಹಾಲಿನವನಿಂದ ಹಿಡಿದು ಹೂವಿನವಳ ತನಕ ಎಲ್ಲರದೂ ಒಂದೇ ಮಾತು: "ಏನು ಕೈ ಅವರದು! ಕೊಡೋಕೇ ಹುಟ್ಟಿದ್ದು." ನಿಜ. ಕೊಟ್ಟಿದ್ದು ಯಾರ ವಸ್ತು ಅಂತ ಮಾತ್ರ ಯಾರೂ ಕೇಳಲಿಲ್ಲ. ನನ್ನ ತವರಿನ ಕ್ಯಾಸರೋಲ್ ಸೆಟ್ಟು ಬಿಸಿಬೇಳೆ ಭಾತ್ ಸಮೇತ ಹಿಂದಿನ ಬೀದಿಗೆ ಹೋಗಿದ್ದು ಇನ್ನೂ ಬಂದಿಲ್ಲ. ನನ್ನ ಸೀಮಂತದ ಹಸಿರು ಸೀರೆ ಉಟ್ಟುಕೊಂಡೇ ಹೂವಿನವಳು ನನಗೆ ಹೂವು ಮಾರುತ್ತಾಳೆ. ಗಣೇಶನ ಮೆರವಣಿಗೆಯಲ್ಲಿ ಅರವತ್ತಾರರ ವಯಸ್ಸಿನಲ್ಲಿ ತಮಟೆಗೆ ಕುಣಿದವರು ಅವರು; ಆಮೇಲೆ ಮಂಡಿಗೆ ಮುಲಾಮು ತಿಕ್ಕಿದವಳು ನಾನು. (ಮುಲಾಮು ತಿಕ್ಕಿದವರನ್ನು ಯಾರೂ ನೆನೆಸಿಕೊಳ್ಳುವುದಿಲ್ಲ.)

ನನ್ನದು ಕಾಯಿಸಿ ಆರಿಸಿದ ಬದುಕು. ಮಗಳು ಸಿಂಚನ ಹುಟ್ಟಿದಾಗಿನಿಂದ ನೀರು ಇಪ್ಪತ್ತು ನಿಮಿಷ ಕುದಿಯುತ್ತದೆ, ತೊಳೆದ ಸೇಬು ಇನ್ನೊಮ್ಮೆ ತೊಳೆಸಿಕೊಳ್ಳುತ್ತದೆ. ಅತ್ತೆ ನಗುತ್ತಿದ್ದರು. "ಅಲ್ಲ ಕಣೇ, ಮಗೂನ ಏನು ಹಿಂಗೆ ಉಪ್ಪಿನಕಾಯಿ ಜಾಡಿ ಥರ ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದೀಯಾ?"

ತೀರಿಕೊಳ್ಳುವ ಎರಡು ವರ್ಷ ಮುಂಚೆ ಅವರಿಗೆ ಬಿಪಿ ಬಂದ ದಿನವೇ ಮನೆಯಲ್ಲಿ ನನ್ನ ಸಾಮ್ರಾಜ್ಯ ಸ್ಥಾಪನೆಯಾಯಿತು. ಎಣ್ಣೆ ಗಡೀಪಾರು, ಉಪ್ಪು ಚಿಟಿಕೆ, ಹೊರಗಿನ ತಿಂಡಿ ನಿಷಿದ್ಧ. "ಆಗ್ಲಿ ತಾಯಿ" ಅಂದರು, ಅಷ್ಟೇ. ಸಂಜೆ ಐದೂವರೆಗೆ ಮೊಮ್ಮಗಳ ಕೈ ಹಿಡಿದು ಗಣಪತಿ ಗುಡಿಗೆ ಹೋಗುವುದೊಂದನ್ನು ಉಳಿಸಿಕೊಂಡರು. ನನ್ನ ರಾಗಿ ಸರಿಯಿಂದ ಮಗುವಿನ ಕೆನ್ನೆ ತುಂಬಿಕೊಂಡಿತು ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದೆ.

ಮೊನ್ನೆ ವರ್ಷದ ತಿಥಿ. ಎಡೆಯ ಅಡುಗೆಯೂ ನನ್ನದೇ. ನನ್ನ ಗಂಡ ಗೋಪೀನಾಥ ಸಾರು ನೆಕ್ಕಿ ನೋಡಿ, "ಇದಕ್ಕೆ ಉಪ್ಪು?" ಅಂದರು.

"ಅಮ್ಮನಿಗೆ ಬಿಪಿ ಇತ್ತಲ್ರೀ."

"ಸತ್ತ ಮೇಲೆ ಇನ್ನೆಂಥ ಬಿಪಿನೇ?"

"ಆಮೇಲೆ ತಿನ್ನೋದು ಮಗು ತಾನೆ!"

ಎಲೆಯನ್ನು ತಾರಸಿಯಲ್ಲಿ ಇಟ್ಟೆವು. ಕಾಗೆ ಬಂದು ಮುಟ್ಟುವವರೆಗೆ ಯಾರೂ ಊಟ ಮಾಡುವಂತಿಲ್ಲ. ನೀರಿನ ಟ್ಯಾಂಕಿನ ಮೇಲೆ ಮೂರು ಕಾಗೆ ಬಂದವು. ಎಡೆ ನೋಡಿದವು, ಒಂದರ ಮುಖ ಒಂದು ನೋಡಿಕೊಂಡವು, ಹೋದವು. ಗಂಟೆ ಒಂದಾಯಿತು, ಒಂದೂವರೆಯಾಯಿತು. ಅತ್ತೆಯ ತಮ್ಮ ಮರಿಯಪ್ಪ ಮಾವನಿಗೆ ಸಕ್ಕರೆ ಕಾಯಿಲೆ, ಹಸಿವು ತಡೆಯುವಂತಿರಲಿಲ್ಲ. "ನಮ್ಮಕ್ಕನಿಗೆ ಇಷ್ಟವಾದ್ದು ಏನೋ ಬಿಟ್ಟುಹೋಗಿದೆ ಕಣಮ್ಮಾ."

"ಎಲ್ಲಾ ಮಾಡಿದೀನಿ ಮಾವ. ಕ್ಯಾರೆಟ್ ಪಲ್ಯ ಕೂಡ."

ಆಗ ಸಿಂಚನ ಬಾಯಿಬಿಟ್ಟಳು. "ಅಜ್ಜಿಗೆ ಮಿರ್ಚಿ ಬಜ್ಜಿ ಇಷ್ಟ. ಗುಡಿ ಪಕ್ಕದ ಫಕೀರೇಶಣ್ಣನ ಗಾಡೀದು. ನಂಗೂ ಇಷ್ಟ."

"ನಿಂಗೂ?"

"ನಂದಕ್ಕೆ ಬೀಜ ತೆಗ್ದು ಕೊಡ್ತಾನೆ."

ಗೋಪೀನಾಥ ಟ್ಯಾಂಕಿನ ಮುಚ್ಚಳವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದರು. ಉಳಿದವರು ಚಪ್ಪಲಿ ನೋಡಿಕೊಂಡರು. ಊರಿಗೆಲ್ಲ ಗೊತ್ತಿತ್ತು.

ಮಗಳ ಕೈ ಹಿಡಿದು ಧೂಳಿನ ರಸ್ತೆಯಲ್ಲಿ ದಾಪುಗಾಲು ಹಾಕಿದೆ. ಗದಗಿನ ಕಡೆಯ ಫಕೀರೇಶ ಆಗಷ್ಟೇ ಒಲೆ ಹಚ್ಚಿದ್ದ. ಸಿಂಚನಳನ್ನು ಕಂಡು ಅವನ ಮುಖ ಅರಳಿತು, ನನ್ನನ್ನು ಕಂಡು ಮುದುಡಿತು.

"ಅಜ್ಜಿಗೆ ಎಷ್ಟು ಕೊಡ್ತಿದ್ದೆಯೋ ಅಷ್ಟೇ ಕಟ್ಟು" ಅಂದೆ.

"ಹಂಗಾದ್ರ ಮೂರು ರೀ ಅಕ್ಕಾರ. ಒಂದು ತಮಗ, ಒಂದು ಕೂಸಿಗೆ."

"ಮೂರನೇದು?"

"ಸೊಸಿಗೆ ಅಂತಿದ್ರು ರೀ. ದಿನಾ ಬ್ಯಾರೆ ಕಟ್ಟಸ್ತಿದ್ರು. ಇವತ್ತರ ತಿಂತಾಳೇನೋ ನೋಡೋಣು, ಅಂತಿದ್ರು. ನೀವು ಒಂದಿನಾನೂ ಚೊಲೋ ಐತಿ ಅಂತ ಹೇಳಿ ಕಳಸಲಿಲ್ಲ ನೋಡ್ರಿ."

ನಾನು ಮಗಳ ಕಡೆ ತಿರುಗಿದೆ. ಅವಳು ತಣ್ಣಗೆ ಹೇಳಿದಳು. "ಗೇಟ್ ಹತ್ರ ಬಂದ್ರೆ ಅಜ್ಜಿಗೆ ಭಯ ಆಗೋದು. ನೀನು ಬೈತೀಯಾ ಅಂತ. ಅದಕ್ಕೆ ಕೆಂಚಂಗೆ ಹಾಕ್ಬಿಡೋರು."

ಕೆಂಚ ನಮ್ಮ ಬೀದಿಯ ನಾಯಿ. ದಿನಾ ಸಂಜೆ ನಮ್ಮ ಗೇಟಿಗೇ ಯಾಕೆ ಬಂದು ಕೂರುತ್ತದೆಂದು ನಾಯಿ ಹಿಡಿಯುವ ವ್ಯಾನಿನವರಿಗೆ ಎರಡು ಸಲ ಫೋನ್ ಮಾಡಿದ್ದೆ. ಅದು ತಿಂದು ದಪ್ಪಗಾದದ್ದು ನನ್ನ ಮಿರ್ಚಿಯನ್ನು!

ಗೇಟಿನ ಹತ್ತಿರ ಕೆಂಚ ಈಗಲೂ ಕೂತಿದ್ದ, ಒಂದು ವರ್ಷದಲ್ಲಿ ಪಕ್ಕೆಲುಬು ಎದ್ದಿದ್ದವು. ಪೊಟ್ಟಣ ಕಂಡು ಬಾಲ ಅಲ್ಲಾಡಿಸಿದ. "ಇವತ್ತು ಕೊಡಲ್ಲ ಹೋಗೋ" ಎಂದು ಒಂದನ್ನು ತೆಗೆದು, ಅಲ್ಲೇ ಧೂಳಿನಲ್ಲಿ ನಿಂತು, ನಾಯಿಯನ್ನೇ ದುರುಗುಟ್ಟಿ ನೋಡುತ್ತಾ ತಿಂದುಬಿಟ್ಟೆ. ನಾಲಿಗೆ ಸುಟ್ಟಿತು.

"ಅಮ್ಮಾ, ಕೈ ತೊಳ್ಕೊಂಡ್ಯಾ?" ಅಂದಳು ಮಗಳು, ಥೇಟ್ ನನ್ನ ಧಾಟಿಯಲ್ಲಿ.

ತಾರಸಿ ಹತ್ತಿದೆ. ಮರಿಯಪ್ಪ ಮಾವ ನನ್ನ ಗಲ್ಲದ ಮೇಲಿನ ಎಣ್ಣೆ ನೋಡಿದರು, ಪೊಟ್ಟಣದಲ್ಲಿದ್ದ ಎರಡು ಮಿರ್ಚಿ ನೋಡಿದರು.

"ಎಡೆಗೆ ಇಡೋಕೆ ಮುಂಚೆ ತಿಂದ್ಯೇನಮ್ಮಾ?"

"ಒಂದೇ ಮಾವ. ಅದು... ನನ್ನ ಪಾಲಿಂದು."

ಮಾವ ಆಕಾಶ ನೋಡಿದರು. ಮತ್ತೆ ನನ್ನನ್ನು ನೋಡಿದರು. "ಅಕ್ಕ ಯಾರಿಗೆ ತಿನ್ನಿಸಬೇಕು ಅಂತ ಒದ್ದಾಡ್ತಿದ್ಲೋ ಅವರು ತಿಂದಾಯ್ತು. ಕಾಗೆ ಮುಟ್ಟಿತು. ಎಲೆ ಹಾಕ್ರಪ್ಪಾ!"

ಅಂದಿನಿಂದ ಗಂಡನ ಮನೆ ಕಡೆಯವರಿಗೆಲ್ಲ ನಾನು ಕಾಗೆ. ಅವತ್ತು ಎಲ್ಲರೂ ನನ್ನ ಅಡುಗೆಯನ್ನು ಶಾಸ್ತ್ರಕ್ಕೆ ಬೆರಳಲ್ಲಿ ಮುಟ್ಟಿ, ಗೋಪೀನಾಥ ಓಡಿಹೋಗಿ ತಂದ ಮಿರ್ಚಿಯಲ್ಲೇ ಊಟ ಮುಗಿಸಿದರು. ಪಾತ್ರೆಗಳು ತುಂಬಿದಂತೆಯೇ ಉಳಿದವು. ಕೆಂಚನಿಗೆ ಹಾಕಿದೆ; ಮೂಸಿ, ನನ್ನ ಮುಖ ನೋಡಿ, ಎದ್ದು ಹೋದ. ಆ ಸಾರನ್ನು ಎರಡು ವರ್ಷ, ಎರಡು ಹೊತ್ತೂ, "ಚೆನ್ನಾಗಿದೆ ಕಣೇ" ಅಂತ ಉಂಡವರು ಒಬ್ಬರೇ ಇದ್ದರು.