ಇನ್ನೊಮ್ಮೆ ಡಿ ಒತ್ತಿದ ಚಂದ್ರಾಮಪ್ಪ

ಚಂದ್ರಾಮಪ್ಪನಿಗೆ ಸಾಕು ಎನ್ನುವ ಬುದ್ಧಿ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ಆಳಂದದ ಬಸ್ ನಿಲ್ದಾಣದ ಹಿಂದಿನ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಮಾಸ್ತರಿಕೆ ಇತ್ತು, ಇಸ್ತ್ರಿ ಮಾಡಿದ ಅಂಗಿ ಇತ್ತು, ಹೆಣ್ಣಿನ ಕಡೆಯವರು ಬರುತ್ತಾರೆಂದು ಕೊಂಡ ಹೊಸ ಚಪ್ಪಲಿಯೂ ಇತ್ತು. ತೊಂಬತ್ತಾರನೇ ಇಸವಿಯಲ್ಲಿ ಕಂಪ್ಯೂಟರಿಗೆ ದೇವರ ಮರ್ಯಾದೆ. ಚಪ್ಪಲಿ ಬಾಗಿಲ ಹೊರಗೇ ಬಿಡಬೇಕಿತ್ತು. ಬಿಟ್ಟ.

ತೊಂದರೆ ಶುರುವಾದದ್ದು ಒಂದು ಗುಪ್ತಪದದಿಂದ. ವಿದ್ಯಾರ್ಥಿಗಳ ಪ್ರಮಾಣಪತ್ರ ಮುದ್ರಿಸುವ ಪ್ರೋಗ್ರಾಂ ಅದನ್ನು ಕೇಳುತ್ತಿತ್ತು. ಪ್ರೋಗ್ರಾಂ ಬರೆದ ಹಿಂದಿನ ಮಾಸ್ತರ ಮಾಲಕರೊಡನೆ ಜಗಳವಾಡಿ ಹೋಗಿದ್ದ, ಪದವನ್ನೂ ಹೇಳದೆ ಹೋಗಿದ್ದ. ಹೆಣ್ಣಿನ ಕಡೆಯವರು ಬರುವ ದಿನವೇ ಸಂಜೆಯೊಳಗೆ ಪ್ರಮಾಣಪತ್ರ ಬೇಕೆಂದು ಮಾಲಕರು ಹೇಳಿದ್ದರು. ಚಂದ್ರಾಮಪ್ಪ ಹೆದರಲಿಲ್ಲ. ಅವನ ಬಳಿ ಪ್ರೋಗ್ರಾಮಿನ ಒಳಗನ್ನು ಬಿಚ್ಚಿ ತೋರಿಸುವ ಡಿಬಗ್ ಇತ್ತು.

ಆಗಲೇ ಹೆಣ್ಣಿನ ತಂದೆ, ಸರಸಂಬಾದ ಹಣಮಂತ್ರಾಯ, ತನ್ನ ಅಕ್ಕ ಹಣಮವ್ವನನ್ನು ಕರೆದುಕೊಂಡು ಬಂದ. ಮಧ್ಯಾಹ್ನ ಬರಬೇಕಾದವರು ಬೆಳಗಿನ ಬಸ್ಸಿಗೇ ಬಂದಿದ್ದರು. ಅವರ ಹಿಂದೆಯೇ ಪಕ್ಕದ ಹೊಲಿಗೆ ಕ್ಲಾಸಿನ ಸರ್ವರಬೇಗಂ ಕೊರಳಲ್ಲಿ ಟೇಪು ಹಾಕಿಕೊಂಡು ಒಳಗೆ ಬಂದಳು. ಅವಳನ್ನು ಯಾರೂ ಕರೆದಿರಲಿಲ್ಲ.

"ನಮ್ಮ ಗುರಮ್ಮನೂ ಹೋದ ವರ್ಷ ಇಲ್ಲೇ ಕಲ್ತಾಳ್ರಿ," ಎಂದ ಹಣಮಂತ್ರಾಯ. "ಆಗ ನೀವು ಇರಲಿಲ್ಲ ಕಾಣ್ತದ."

"ನಾ ಬಂದು ಎರಡು ತಿಂಗಳಾತ್ರಿ."

"ಬಂದ ಸಂಬಂಧಕ್ಕೆಲ್ಲ ಒಲ್ಲೆ ಅಂತಾಳಪ್ಪಾ," ಎಂದಳು ಹಣಮವ್ವ. "ಯಾಕ ಅಂದ್ರ ಬಾಯಿ ಬಿಡಂಗಿಲ್ಲ. ನಿನ್ನ ನೋಡ್ಯಾರ ಹ್ಞೂಂ ಅಂತಾಳೇನೋ. ಈಗ ಏನ್ ಮಾಡಾಕತ್ತೀದಿ?"

"ಓಡಾಕತ್ತಿದ ಪ್ರೋಗ್ರಾಂ ನಡುವ ಹಿಡ್ದು ನಿಲ್ಲಸ್ತೇನ್ರಿ. ನಿಲ್ಲಿಸಿ ಹೊಟ್ಟ್ಯಾಗ ಏನದ ಅಂತ ನೋಡ್ತೇನಿ."

"ಅಯ್ಯ, ಓಡೋ ಎತ್ತಿನ ಹೊಟ್ಟಿ ಕೊಯ್ದಂಗಾತಲ್ಲೋ."

"ಸಾಯಂಗಿಲ್ರಿ ಅತ್ತಿ. ಜಿ ಒತ್ತಿದ್ರ ಓಡ್ತದ, ನಾ ಹೇಳಿದಲ್ಲಿ ನಿಲ್ತದ. ಡಿ ಒತ್ತಿದ್ರ ಒಳಗಿಂದೆಲ್ಲ ಕಾಣ್ತದ."

ಜಿ ಒತ್ತಿದ. ಪ್ರೋಗ್ರಾಂ ಹೇಳಿದಲ್ಲಿ ನಿಲ್ಲಲಿಲ್ಲ. ಯಂತ್ರ ಕೀ ಎಂದು ಹಿಡಿದ ರಾಗವನ್ನು ಬಿಡಲೇ ಇಲ್ಲ, ಹಟ ಹಿಡಿದ ಕೂಸಿನ ಹಾಗೆ.

"ಮಾಸ್ತರ್, ಅದಕ್ಕ ಬ್ಯಾನಿ ಆಗ್ಯದ. ಬಿಟ್ಟುಬಿಡ್ರಿ," ಎಂದಳು ಸರ್ವರಬೇಗಂ.

ಚಂದ್ರಾಮಪ್ಪ ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದ. ಈ ಸಲ ಪ್ರೋಗ್ರಾಂ ಗುಪ್ತಪದ ಕೇಳುವ ಮುಂಚೆಯೇ ನಿಂತಿತು. ಡಿ ಒತ್ತಿದ. ಪರದೆಯ ತುಂಬ ಅಂಕಿ ಅಕ್ಷರ ಚೆಲ್ಲಿದವು.

"ಜೋಳ ಚೆಲ್ಲಿದಂಗ ಅದ," ಎಂದ ಹಣಮಂತ್ರಾಯ.

"ಎಡಕ್ಕ ನೋಡಬ್ಯಾಡ್ರಿ, ಬಲಕ್ಕ ನೋಡ್ರಿ. ಪದ ಅಲ್ಲೇ ಅದ."

ಮೆಟ್ರಿಕ್ ಪಾಸಾದ ಸರ್ವರಬೇಗಂ ಪರದೆಗೆ ಮೂಗು ಹಚ್ಚಿ ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿದಳು. "ಜಿ, ಯು, ಆರ್... ಗುರಮ್ಮ. ಗುರಮ್ಮ ಅಂತ ಅದ್ರಿ."

ಹಣಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹುಡುಗಿ ನೋಡೂಕಿಂತ ಮೊದಲೇ ಹೆಸರು ಒಳಗ ಇಟ್ಕೊಂಡು ಕುಂತಾನ. ತಮ್ಮಾ, ಇಂಥಾಂವ ಮತ್ತ ಸಿಗ್ತಾನೇನು?"

ಹಣಮಂತ್ರಾಯನ ಮೀಸೆ ಅಗಲವಾಯಿತು. "ಆಯ್ತು ಬಿಡ್ರಿ. ಸಕ್ಕರಿ ತಿಂದು ಮಾತು ಮುಗಸೂಣು."

ಸರ್ವರಬೇಗಂ ಓಡಿಹೋಗಿ ಬಟ್ಟಲಲ್ಲಿ ಸಕ್ಕರೆ ತಂದಳು. ಚಂದ್ರಾಮಪ್ಪ ಕೈ ಚಾಚಿದ್ದರೆ ಮದುವೆ ಆಗಿಹೋಗುತ್ತಿತ್ತು. ಆದರೆ ಅವನಿಗೆ ಕೆಟ್ಟದೆನಿಸಿತ್ತು. ಪದ ಹುಡುಕಿ ತೆಗೆದದ್ದು ತಾನು. ಇವರು ಹೊಗಳುತ್ತಿರುವುದು ಅದನ್ನು ಇಟ್ಟವನನ್ನು.

"ಇಟ್ಟಾಂವ ನಾ ಅಲ್ರಿ," ಎಂದ. "ಇಡೋದು ಯಾರಿಗೂ ಬರ್ತದ. ತೆಗಿಯೂದು ಕಷ್ಟ. ಇಟ್ಟಾಂವ ಯಾರು ಅನ್ನೂದೂ ಒಳಗೇ ಇರ್ತದ, ತೋರಸ್ತೇನಿ."

"ಬ್ಯಾಡ್ರಿ ಮಾಸ್ತರ್," ಎಂದಳು ಸರ್ವರಬೇಗಂ. "ಸಕ್ಕರಿ ತಗೋರಿ."

ಇನ್ನೊಮ್ಮೆ ಡಿ ಒತ್ತಿದ.

ಸರ್ವರಬೇಗಂ ಓದಬಾರದೆಂದುಕೊಂಡಳು. ಆದರೆ ಬಾಯಿ ಓದಿಬಿಟ್ಟಿತು. "ಗುರಮ್ಮ ವೆಡ್ಸ್ ಭೀಮಶಾ. ಜೇವರ್ಗಿ."

ಲಗ್ನದ ಜೀಪಿನ ಮುಂದೆ ಬರೆಯುವ ಆ ನಡುವಿನ ಮಾತಿನ ಅರ್ಥ ಹಣಮವ್ವನಿಗೂ ಗೊತ್ತಿತ್ತು. ಅವಳು ಸೆರಗನ್ನು ಬಾಯಿಂದ ತೆಗೆದಳು.

"ತಮ್ಮಾ, ಹುಡುಗಿ ಒಲ್ಲೆ ಒಲ್ಲೆ ಅನ್ನೂದು ಇದಕ್ಕ."

ಹಣಮಂತ್ರಾಯ ಚಂದ್ರಾಮಪ್ಪನ ಕಡೆ ತಿರುಗಿದ. "ಭೀಮಶಾ ಅಂದ್ರ ಯಾರ್ರಿ?"

"ಹಿಂದಿನ ಮಾಸ್ತರ್ರಿ. ಊರು ಜೇವರ್ಗಿ, ಈಗ ಕಲಬುರ್ಗ್ಯಾಗ ನೌಕರಿ ಮಾಡ್ತಾನಂತ."

"ಹುಡುಗ ಹ್ಯಾಂಗ?"

ಇಲ್ಲಿಯಾದರೂ ಚಂದ್ರಾಮಪ್ಪ ಬಾಯಿ ಮುಚ್ಚಿಕೊಳ್ಳಬಹುದಿತ್ತು. "ನಾ ನೋಡಿಲ್ರಿ. ಆದ್ರ ಅವನ ಪ್ರೋಗ್ರಾಂ ಪೂರಾ ಒಳಗ ಹೊಕ್ಕು ನೋಡೇನಿ. ಭಾಳ ಶಿಸ್ತಿನ ಮನಷ್ಯಾ. ಎಲ್ಲೂ ಒಂದು ತಪ್ಪಿಲ್ಲ."

"ಹೊಟ್ಟಿ ಕೊಯ್ದು ನೋಡ್ದವ್ರು ನೀವ ಹೇಳಿದ ಮ್ಯಾಲ ಇನ್ಯಾರನ್ನ ಕೇಳೂದದ," ಎಂದು ಹಣಮಂತ್ರಾಯ ಎದ್ದ. "ನಡಿ ಅಕ್ಕಾ. ಜೇವರ್ಗಿಗೆ ಬಸ್ ಎಷ್ಟೊತ್ತಿಗದ ನೋಡೂಣು."

ಸರ್ವರಬೇಗಂ ಬಟ್ಟಲಿನ ಮೇಲೆ ಕೈ ಮುಚ್ಚಿಕೊಂಡು ತನ್ನ ಕ್ಲಾಸಿಗೆ ಹೋದಳು.

ಚಂದ್ರಾಮಪ್ಪ ಗುರಮ್ಮ ಎಂದು ಟೈಪ್ ಮಾಡಿದ. ಪ್ರೋಗ್ರಾಂ ತಕರಾರಿಲ್ಲದೆ ತೆರೆಯಿತು. ಸಂಜೆಯೊಳಗೆ ಎಲ್ಲ ಪ್ರಮಾಣಪತ್ರ ಮುದ್ರಿಸಿ ಮುಗಿಸಿ, ತನ್ನ ಕೆಲಸಕ್ಕೆ ತಾನೇ ತಲೆದೂಗಿ, ಬಾಗಿಲ ಹೊರಗೆ ಬಂದ. ಅಲ್ಲಿ ಹಿಮ್ಮಡಿ ಸವೆದ ಹಳೆಯ ಚಪ್ಪಲಿ ಮಾತ್ರ ಇದ್ದವು. ಹಣಮಂತ್ರಾಯ ಬಸ್ಸಿನ ಅವಸರದಲ್ಲಿ ಕಾಲಿಗೆ ಸಿಕ್ಕದ್ದನ್ನು ಮೆಟ್ಟಿಕೊಂಡು ಹೋಗಿದ್ದ.

ಆ ದಿನ ಹೋದದ್ದು ಒಂದು ಸಂಬಂಧ, ಒಂದು ಜೊತೆ ಚಪ್ಪಲಿ.